ಇರವನ್ನು ಸಾರುವ ಯಂತ್ರ



ಉತ್ತರ ಅಮೆರಿಕದ ಪಶ್ಚಿಮ ತೀರದಲ್ಲಿ, ಸಿಯಾಟಲ್ ಮತ್ತು ಟಕೋಮ ನಗರಗಳನ್ನು ತನ್ನ ದಡದಲ್ಲಿರಿಸಿಕೊಂಡು ನಾಡಿನೊಳಕ್ಕೆ ಬಹುದೂರ ಚಾಚಿರುವ ಪ್ಯೂಜೆಟ್ ಸೌಂಡ್ ಎಂಬ ಕಡಲ ತೋಳು, ಪ್ರಾಚೀನ ಹಿಮನದಿಗಳು ಕೊರೆದ ಕಂದರದಲ್ಲಿ ಸಮುದ್ರಜಲ ತುಂಬಿ ನಿಂತು ಆದದ್ದು. ಕೆಲವೆಡೆ 250 ಮೀಟರಿಗೂ ಮಿಕ್ಕ ಆಳವುಳ್ಳ ಆ ಜಲಮಾರ್ಗದಲ್ಲಿ ಏಷ್ಯಾಖಂಡದಿಂದ ಸರಕು ಹೊತ್ತು ಬರುವ ಮಹಾನೌಕೆಗಳು, ನಗರದಿಂದ ದ್ವೀಪಗಳಿಗೆ ಜನರನ್ನೂ ಮೋಟಾರುಗಳನ್ನೂ ದಾಟಿಸುವ ಫೆರಿಗಳು, ನೀಳವಾದ ಉಕ್ಕಿನ ಹಗ್ಗದ ತುದಿಯಲ್ಲಿ ಬಾರ್ಜುಗಳನ್ನು ಎಳೆದೊಯ್ಯುವ ಟಗ್ಗುಗಳು ಹಗಲಿರುಳೆನ್ನದೆ ಸಂಚರಿಸುತ್ತವೆ. ಅವುಗಳ ನಡುವೆಯೇ, ಸಂಸಾರ ಸಮೇತರಾಗಿ ದ್ವೀಪದಿಂದ ದ್ವೀಪಕ್ಕೆ ವಿಹಾರ ಹೊರಟವರ ಸಣ್ಣ ಮೋಟಾರು ದೋಣಿಗಳೂ ದಾರಿ ಮಾಡಿಕೊಂಡು ಸಾಗುತ್ತವೆ. ಬೇಸಗೆಯ ಕೊನೆಯ ದಿನಗಳಲ್ಲಿ ಹ್ವಾನ್ ಡಿ ಫ್ಯೂಕ ಜಲಸಂಧಿಯ ಕಡೆಯಿಂದ ಮಂಜು ಹರಿದುಬಂದು ನೀರನ್ನೂ ದಡವನ್ನೂ ಒಂದಾಗಿ ಮುಚ್ಚಿಬಿಟ್ಟಾಗ, ಹತ್ತು ಮೀಟರಿನ ದೋಣಿಯೂ ಮುನ್ನೂರು ಮೀಟರಿನ ಹಡಗೂ ಒಂದನ್ನೊಂದು ಕಾಣದೆ ಒಂದೇ ಇಕ್ಕಟ್ಟಿನಲ್ಲಿ ಎದುರುಬದುರಾಗುವ ಸಂಭವವುಂಟು. ಅಂಥ ಹೊತ್ತಿನಲ್ಲಿ ನೆರವಾಗಲೆಂದು ನಿರ್ಮಿತವಾದ, ನೌಕೆಯ ಇರವನ್ನೂ ಗತಿಯನ್ನೂ ತಾನಾಗಿಯೇ ಸಾರುವ ಎ. ಐ. ಎಸ್. ಎಂಬ ಯಂತ್ರವನ್ನು ಸಣ್ಣ ವಿಹಾರ ದೋಣಿಯೊಂದರಲ್ಲಿ ಅಳವಡಿಸುವ ಕ್ರಮವನ್ನೂ, ಆ ಕೆಲಸದ ಹಿಂದೆ ಇರಬೇಕಾದ ಮನೋಧರ್ಮವನ್ನೂ ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮಂಜಿನಲ್ಲಿ ದಾರಿ ಕಾಣಲು ರೇಡಾರ್ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ರೇಡಾರ್ ಮಹೋಪಕಾರಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ 1956ರ ಜುಲೈ 25ರ ರಾತ್ರಿ, ಅಮೆರಿಕದ ಪೂರ್ವ ತೀರದ ನಾಂಟಕೆಟ್ ದ್ವೀಪದ ಬಳಿಯ ಮಂಜಿನಲ್ಲಿ, ಇಟಲಿಯ ಆಂದ್ರೆಯಾ ಡೋರಿಯಾ ಎಂಬ ಪ್ರಯಾಣಿಕರ ನೌಕೆಯೂ ಸ್ವೀಡನ್ನಿನ ಸ್ಟಾಕ್‌ಹೋಮ್ ಎಂಬ ನೌಕೆಯೂ ಡಿಕ್ಕಿ ಹೊಡೆದು ಐವತ್ತೊಂದು ಮಂದಿ ಪ್ರಾಣ ಕಳೆದುಕೊಂಡಾಗ, ಎರಡೂ ಹಡಗುಗಳಲ್ಲಿ ರೇಡಾರ್ ಇತ್ತು, ಎರಡೂ ಒಂದನ್ನೊಂದು ಅದರಲ್ಲಿ ಕಂಡಿದ್ದವು. ಕಂಡದ್ದು ಬರಿಯ ಒಂದು ಬೆಳಕಿನ ಚುಕ್ಕೆ. ಆ ಚುಕ್ಕೆ ಯಾರು, ಎತ್ತ ತಿರುಗುತ್ತಿದೆ, ಎಷ್ಟು ವೇಗದಲ್ಲಿದೆ ಎಂಬುದನ್ನು ಊಹಿಸುವ ಭಾರ ನೋಡುವವನ ಮೇಲೆಯೇ ಇತ್ತು. ಆ ರಾತ್ರಿ ಇಬ್ಬರೂ ಮಾಡಿದ ಊಹೆಗಳು ಒಂದಕ್ಕೊಂದು ವಿರುದ್ಧವಾಗಿದ್ದುವು. ಪ್ರತಿಧ್ವನಿ ವಸ್ತುವಿನ ಇರವನ್ನು ತಿಳಿಸೀತೇ ಹೊರತು ಅದರ ಹೆಸರನ್ನೂ ಗತಿಯನ್ನೂ ತಾನಾಗಿ ನುಡಿಯದು. ಕಾಣಿಸಿಕೊಂಡವನು ತಾನೇ ಬಾಯಿಬಿಟ್ಟು ಹೇಳಿದಲ್ಲದೆ ಆ ಕೊರತೆ ತುಂಬುವಂತಿರಲಿಲ್ಲ.

ಈ ಕೊರತೆಯನ್ನು ತುಂಬುವ ಯತ್ನಕ್ಕೆ ಬಲ ಕೊಟ್ಟದ್ದು ಪ್ಯೂಜೆಟ್ ಸೌಂಡ್ ಇರುವ ಪಶ್ಚಿಮ ತೀರದ ಉತ್ತರ ಭಾಗದಲ್ಲಿ ನಡೆದ ಇನ್ನೊಂದು ಅನಾಹುತ. 1989ರ ಮಾರ್ಚ್ 24ರಂದು ಅಲಾಸ್ಕದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಎಕ್ಸಾನ್ ವಾಲ್ಡೀಸ್ ಎಂಬ ತೈಲನೌಕೆ ಬ್ಲೈ ಬಂಡೆಸಾಲಿನ ಮೇಲೇರಿ ಕಡಲಿಗೆ ಎಣ್ಣೆ ಚೆಲ್ಲಿದ ಮರುವರ್ಷ, ಅಮೆರಿಕದ ಶಾಸನಸಭೆ ಆ ಪ್ರದೇಶದ ತೈಲನೌಕೆಗಳ ಜಾಡನ್ನು ದಡದಿಂದಲೇ ಅರಿಯುವ ವ್ಯವಸ್ಥೆ ಆಗಬೇಕೆಂದು ವಿಧಿಸಿತು; ಹಡಗು ತನ್ನ ನೆಲೆಯನ್ನು ತಾನೇ ರೇಡಿಯೋ ಮೂಲಕ ಅರುಹುವ ಪದ್ಧತಿ ಅಲ್ಲಿ ಬಳಕೆಗೆ ಬಂತು. ಅತ್ತ ಸ್ವೀಡನ್ನಿನ ಹೋಕನ್ ಲಾನ್ಸ್ ಎಂಬ ಯಂತ್ರಕೋವಿದರು, ಅನೇಕ ನೌಕೆಗಳು ಒಂದೇ ತರಂಗದ ಮೇಲೆ ಗೊಂದಲವಿಲ್ಲದೆ ನುಡಿಯುವಂತೆ ಕಾಲವನ್ನು ತುಣುಕು ತುಣುಕಾಗಿ ಹಂಚಿಕೊಳ್ಳುವ ಉಪಾಯವನ್ನು ರೂಪಿಸಿದರು. ಇವುಗಳ ಫಲವಾಗಿ ಬಂದ ಎ. ಐ. ಎಸ್. ಪದ್ಧತಿಯನ್ನು, ಟೈಟಾನಿಕ್ ದುರಂತದ ತರುವಾಯ ಹುಟ್ಟಿದ ಸಮುದ್ರ ಜೀವರಕ್ಷಣಾ ಒಡಂಬಡಿಕೆಯು ತನ್ನ ನಿಯಮಗಳಲ್ಲಿ ಸೇರಿಸಿ, ಅಂತರರಾಷ್ಟ್ರೀಯ ಯಾನದ 300 ಟನ್ನು ಗಾತ್ರದ ಮತ್ತು ಅದಕ್ಕೂ ಮಿಗಿಲಾದ ನೌಕೆಗಳೂ, ಗಾತ್ರವೆಷ್ಟೇ ಇರಲಿ ಪ್ರಯಾಣಿಕರ ನೌಕೆಗಳೂ 2004ರ ಕೊನೆಯೊಳಗೆ ಈ ಯಂತ್ರವನ್ನು ಹೊಂದಿರಬೇಕೆಂದು ಗೊತ್ತುಮಾಡಿತು.

ಇದು ಕೆಲಸ ಮಾಡುವ ಬಗೆ ಸ್ವಾರಸ್ಯವಾದುದು. ನಾವಿಕರ ವಿ. ಎಚ್. ಎಫ್. ರೇಡಿಯೋ ಪಟ್ಟಿಯಲ್ಲಿ 161.975 ಮತ್ತು 162.025 ಮೆಗಾಹರ್ಟ್ಸ್‌ಗಳ ಎರಡು ಮಾರ್ಗಗಳನ್ನು ಇದಕ್ಕಾಗಿಯೇ ಮೀಸಲಿರಿಸಿದ್ದಾರೆ. ಒಂದೊಂದು ಮಾರ್ಗದಲ್ಲಿಯೂ ಪ್ರತಿ ನಿಮಿಷವನ್ನು 2250 ತುಣುಕುಗಳಾಗಿ ಒಡೆದು, ಉಪಗ್ರಹಗಳಿಂದ ಬರುವ ಜಿ. ಪಿ. ಎಸ್. ಕಾಲಮಾನಕ್ಕೆ ಎಲ್ಲ ನೌಕೆಗಳ ಗಡಿಯಾರಗಳನ್ನೂ ಹೊಂದಿಸಿ, ಒಂದೊಂದು ನೌಕೆಯೂ ಸೆಕೆಂಡಿನ ನಲವತ್ತರಲ್ಲೊಂದು ಪಾಲಿಗಿಂತ ಕೊಂಚವೇ ಹೆಚ್ಚಾದ ಆ ಕಿರುಹೊತ್ತಿನಲ್ಲಿ ತನ್ನ ಗುರುತಿನ ಸಂಖ್ಯೆ, ಅಕ್ಷಾಂಶ ರೇಖಾಂಶಗಳು, ವೇಗ, ದಿಕ್ಕು ಇವನ್ನು ಹೇಳಿ ಮುಗಿಸುತ್ತದೆ. ದೊಡ್ಡ ಹಡಗುಗಳ ‘ಎ’ ವರ್ಗದ ಯಂತ್ರ 12.5 ವಾಟ್ ಶಕ್ತಿಯಿಂದ, ನಡೆಯುತ್ತಿರುವಾಗ ಎರಡರಿಂದ ಹತ್ತು ಸೆಕೆಂಡಿಗೊಮ್ಮೆ ನುಡಿಯುತ್ತದೆ. ಸಣ್ಣ ದೋಣಿಗಳಿಗೆಂದು ಮಾಡಿದ ‘ಬಿ’ ವರ್ಗದ ಯಂತ್ರದಲ್ಲಿ ಎರಡು ಬಗೆಯುಂಟು. ಒಂದು ಬಗೆಯದಕ್ಕೆ ಕೇವಲ 2 ವಾಟ್ ಶಕ್ತಿ. ತುಂಬಿದ ಸಭೆಯಲ್ಲಿ ಒಬ್ಬರು ಮಾತು ಮುಗಿಸುವುದನ್ನು ಕಾದಿದ್ದು ವಿನಯದಿಂದ ಬಾಯ್ದೆರೆಯುವ ಕಿರಿಯನಂತೆ, ಮಾರ್ಗ ನಿಶ್ಶಬ್ದವಾಗಿರುವುದನ್ನು ಮೊದಲು ಆಲಿಸಿ ಆಮೇಲೆ ಅದು ನುಡಿಯುತ್ತದೆ. ಅದೂ 30 ಸೆಕೆಂಡಿಗೊಮ್ಮೆ, ದೋಣಿ ನಿಂತಿದ್ದರೆ ಮೂರು ನಿಮಿಷಕ್ಕೊಮ್ಮೆ. ಇನ್ನೊಂದು ಬಗೆಯದು 5 ವಾಟ್ ಶಕ್ತಿಯುಳ್ಳದ್ದಾಗಿ, ತನ್ನ ತುಣುಕನ್ನು ಮುಂಚಿತವಾಗಿ ಕಾದಿರಿಸಿಕೊಂಡು, ವೇಗ ಹೆಚ್ಚಿದಂತೆ ಐದು ಸೆಕೆಂಡಿಗೊಮ್ಮೆಯವರೆಗೂ ನುಡಿಯಬಲ್ಲದು. ವೇಗದ ದೋಣಿಗೆ ಈ ಎರಡನೆಯದೇ ಲೇಸು; ಏಕೆಂದರೆ ಗಂಟೆಗೆ 20 ನಾವಿಕ ಮೈಲಿ ಓಡುವ ದೋಣಿ 30 ಸೆಕೆಂಡಿನಲ್ಲಿ 300 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ, ಇತರರ ಯಂತ್ರದ ತೆರೆಯ ಮೇಲೆ ಮಾತ್ರ ಹಳೆಯ ಸ್ಥಳದಲ್ಲಿಯೇ ಇರುತ್ತದೆ.

ಅಮೆರಿಕದ ನಿಯಮದಂತೆ 2016ರ ಮಾರ್ಚ್ ಒಂದರಿಂದ 65 ಅಡಿ ಮತ್ತು ಅದಕ್ಕಿಂತ ಉದ್ದವಾದ ವಾಣಿಜ್ಯ ನೌಕೆಗಳಿಗೂ, ಎಳೆಯುವ ಕೆಲಸದ ಟಗ್ಗುಗಳಲ್ಲಿ ಬಹುತೇಕ ಎಲ್ಲವಕ್ಕೂ ಎ. ಐ. ಎಸ್. ಕಡ್ಡಾಯ, ವಿಹಾರದ ದೋಣಿಗಳಿಗೆ ಅಂಥ ಕಟ್ಟಳೆಯಿಲ್ಲ. ಆದಕಾರಣ ಅನೇಕರು ಅಗ್ಗದ ಗ್ರಾಹಕ ಯಂತ್ರವೊಂದನ್ನು ಮಾತ್ರ ತಂದಿಟ್ಟುಕೊಂಡು, ಇತರರು ಸಾರುವುದನ್ನು ಕೇಳಿ ತಮ್ಮ ದೋಣಿಯನ್ನು ಕಾಪಾಡಿಕೊಂಡು ತೃಪ್ತರಾಗುತ್ತಾರೆ. ಅದರಿಂದ ಪ್ರಯೋಜನವಿಲ್ಲವೆಂದು ನಾನು ಹೇಳಲಾರೆ. ಆದರೆ ಎಲ್ಲರೂ ಕೇಳುವವರೇ ಆಗಿ ಯಾರೂ ನುಡಿಯದಿದ್ದರೆ ಆ ಯಂತ್ರಗಳಲ್ಲಿ ಕೇಳಿಸುವುದಾದರೂ ಏನು? ಬಾರ್ಜನ್ನು ಎಳೆಯುತ್ತಿರುವ ಟಗ್ಗಿನ ಚಾಲಕನು ಥಟ್ಟನೆ ನಿಲ್ಲಲಾರ, ಥಟ್ಟನೆ ತಿರುಗಲೂ ಆರ. ಮಂಜಿನಾಚೆ ಸಣ್ಣ ದೋಣಿಯೊಂದಿದೆಯೆಂದು ಐದು ನಿಮಿಷ ಮುಂಚೆ ತಿಳಿದರೆ ಅವನಿಗೂ ನೆಮ್ಮದಿ, ದೋಣಿಯಲ್ಲಿರುವವರಿಗೂ ನೆಮ್ಮದಿ. ಪರರ ಇರವನ್ನು ಅರಿತು ನಡೆಯುವುದು ಎಷ್ಟು ಅವಶ್ಯವೋ ನಮ್ಮ ಇರವನ್ನು ಪರರಿಗೆ ಅರುಹುವುದೂ ಅಷ್ಟೇ ಅವಶ್ಯವಾದ ಧರ್ಮ; ಅರುಹುವುದಾದರೆ ಅದು ಸತ್ಯವಾಗಿಯೂ ಸ್ಪಷ್ಟವಾಗಿಯೂ ಇರತಕ್ಕದ್ದು. ಯಂತ್ರವನ್ನು ಅಳವಡಿಸುವ ಕೆಲಸದ ಒಂದೊಂದು ಹಂತವೂ ಈ ಎರಡು ಗುಣಗಳಿಗಾಗಿಯೇ ಇರುವಂಥದು.

ಸಿಯಾಟಲ್ಲಿನ ಶಿಲ್‌ಶೋಲ್ ಕೊಲ್ಲಿಯ ದೋಣಿದಾಣದಲ್ಲಿ ನನ್ನ ಮಿತ್ರರೊಬ್ಬರ ದೋಣಿಯಿದೆ. ಹತ್ತು ಮೀಟರು ಉದ್ದದ, ಫೈಬರ್‌ಗ್ಲಾಸಿನ ಒಡಲಿನ, ಒಂದೇ ಡೀಸೆಲ್ ಎಂಜಿನಿನ ಸಾಧಾರಣ ವಿಹಾರ ದೋಣಿ. ಅದಕ್ಕೆ ‘ಬಿ’ ವರ್ಗದ ಯಂತ್ರವನ್ನು ಅಳವಡಿಸಿದಾಗ ಜೊತೆಗಿದ್ದು ಕೆಲಸವನ್ನು ಆದ್ಯಂತವಾಗಿ ನೋಡುವ ಅವಕಾಶ ನನಗೆ ದೊರೆಯಿತು. ಯಂತ್ರವೇನೋ ದಪ್ಪ ಪುಸ್ತಕವೊಂದರಷ್ಟೇ ದೊಡ್ಡದು. ನೀರು ತಾಗದ, ಗಾಳಿಯಾಡುವ, ದಿಕ್ಸೂಚಿಗೆ ದೂರವಾದ ಒಂದೆಡೆಯಲ್ಲಿ ಅದನ್ನು ನಾಲ್ಕು ತಿರುಪುಗಳಿಂದ ಬಿಗಿಯುವುದು ಅಲ್ಪ ಕಾಲದ ಕೆಲಸ. ವಿವೇಕ ಬೇಕಾದದ್ದು ಅದಕ್ಕೆ ಕೂಡಿಸುವ ತಂತಿಗಳಲ್ಲಿ.

ಮೊದಲನೆಯದು ಆಂಟೆನಾ. ಈ ತರಂಗಗಳು ಹೆಚ್ಚುಕಡಮೆ ಕಣ್ಣೋಟದಷ್ಟು ದೂರ ಮಾತ್ರ ಹೋಗತಕ್ಕವು. ಆದುದರಿಂದ ಎತ್ತರವೇ ಇಲ್ಲಿ ಸಂಪತ್ತು. ನೀರಿನಿಂದ 4 ಮೀಟರು ಎತ್ತರದಲ್ಲಿರುವ ದೋಣಿಯ ಆಂಟೆನಾಕ್ಕೂ 36 ಮೀಟರು ಎತ್ತರದಲ್ಲಿರುವ ಹಡಗಿನ ಆಂಟೆನಾಕ್ಕೂ ನಡುವೆ ಲೆಕ್ಕದ ಪ್ರಕಾರ ಸುಮಾರು 18 ನಾವಿಕ ಮೈಲಿಯ ಸಂಪರ್ಕ ಸಾಧ್ಯ. ಅದೇ ಎರಡು ಸಣ್ಣ ದೋಣಿಗಳ ನಡುವೆ ಅದು 9 ಮೈಲಿಗೆ ಇಳಿಯುತ್ತದೆ. 2 ವಾಟ್ ಶಕ್ತಿಯ ಯಂತ್ರದಲ್ಲಿ ವಾಸ್ತವವಾಗಿ ಇನ್ನೂ ಕಡಮೆ. ದೋಣಿಯಲ್ಲಿ ಮಾತಿನ ರೇಡಿಯೋಗೆಂದು ಈಗಾಗಲೇ ಇರುವ ಆಂಟೆನಾವನ್ನೇ ಎರಡಕ್ಕೂ ಹಂಚುವ ಸ್ಪ್ಲಿಟರ್ ಎಂಬ ಸಾಧನವೊಂದುಂಟು. ಸ್ಥಳ ಉಳಿಯುತ್ತದೆಂಬುದು ಅದರ ಗುಣ, ರೇಡಿಯೋದಲ್ಲಿ ನಾವು ಮಾತಾಡುವಷ್ಟು ಹೊತ್ತು ಎ. ಐ. ಎಸ್. ಮೌನವಾಗಿರಬೇಕೆಂಬುದು ಅದರ ದೋಷ. ಮಿತ್ರರು ಬೇರೆ ಆಂಟೆನಾವನ್ನೇ ಆರಿಸಿದರು. ಮಾತಿನ ಆಂಟೆನಾಗಳು ಸಾಮಾನ್ಯವಾಗಿ 156.8 ಮೆಗಾಹರ್ಟ್ಸ್‌ನ ಆಸುಪಾಸಿಗೆ ಹೊಂದಿಸಿದವಾದ್ದರಿಂದ, 162ಕ್ಕೆ ಹೊಂದಿಸಿದುದನ್ನೇ ತರಿಸಿ, ಹಳೆಯದಕ್ಕಿಂತ ಎತ್ತರದಲ್ಲಿ, ಅದರಿಂದ ಒಂದು ಮಾರಿಗೂ ಹೆಚ್ಚು ದೂರದಲ್ಲಿ ನಿಲ್ಲಿಸಿದರು.

ಆಂಟೆನಾದಿಂದ ಯಂತ್ರಕ್ಕೆ ಬರುವ ಕೇಬಲ್ಲಿನ ವಿಷಯದಲ್ಲಿ ಲೋಭ ಸಲ್ಲದು. ಆರ್. ಜಿ. 58 ಎಂಬ ತೆಳುವಾದ ಕೇಬಲ್ಲನ್ನು 15 ಮೀಟರು ಎಳೆದರೆ ಈ ತರಂಗಾಂತರದಲ್ಲಿ ಸುಮಾರು ಅರ್ಧದಷ್ಟು ಶಕ್ತಿ ದಾರಿಯಲ್ಲಿಯೇ ಕರಗಿಹೋಗುತ್ತದೆ. ಮೊದಲೇ ಎರಡು ವಾಟ್ ಶಕ್ತಿಯುಳ್ಳ ಬಡವನಿಂದ ಅರ್ಧವನ್ನು ಕಸಿದುಕೊಂಡರೆ ಉಳಿಯುವುದೇನು? ಆರ್. ಜಿ. 213ರಂಥ ದಪ್ಪ ಕೇಬಲ್ಲಿನಲ್ಲಿ ಈ ನಷ್ಟ ಅದರ ಅರ್ಧಕ್ಕೆ ಸಮೀಪವಾಗಿರುತ್ತದೆ.

ಕೇಬಲ್ಲಿನ ತುದಿಗೆ ಕನೆಕ್ಟರನ್ನು ಜೋಡಿಸಿದ ಮುದಿ ಕುಶಲಕರ್ಮಿಯೊಬ್ಬನ ಕೆಲಸವನ್ನು ನಾನು ಮರೆಯಲಾರೆ. ಮೇಲಿನ ಕರಿಯ ಸಿಪ್ಪೆಯನ್ನು ಚಾಕುವಿನಿಂದ ಸುತ್ತ ಒಂದೇ ಆಳಕ್ಕೆ ಗೀರಿ ತೆಗೆದು, ಒಳಗಿನ ತಾಮ್ರದ ಜಾಲರಿಯ ಎಳೆಗಳನ್ನು ಬೆರಳಿನಿಂದ ಸವರಿ ಹಿಂದಕ್ಕೆ ಮಡಿಸಿ, ನಡುವಣ ತಂತಿಗೆ ಬೆಸುಗೆಯ ತವರವನ್ನು ತೆಳ್ಳಗೆ ಹಚ್ಚಿದ ತರುವಾಯ, ಕನ್ನಡಕವನ್ನು ಹಣೆಗೇರಿಸಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದನು. ಜಾಲರಿಯ ಕೂದಲಿನಂಥ ಒಂದೇ ಒಂದು ಎಳೆ ನಡುವಣ ತಂತಿಯ ಕಡೆಗೆ ಬಾಗಿತ್ತು. ಅದನ್ನು ಸಣ್ಣ ಚಿಮುಟದಿಂದ ಹಿಡಿದು ಕತ್ತರಿಸಿ ಹಾಕಿ, ಆಮೇಲೆಯೇ ಕನೆಕ್ಟರನ್ನು ತಿರುಪಿ ಬೆಸೆದನು. ಆಂಟೆನಾ ಕೂಡಿಸುವ ಮುನ್ನ ಮೀಟರಿನ ಒಂದು ಮುಳ್ಳನ್ನು ನಡುತಂತಿಗೂ ಇನ್ನೊಂದನ್ನು ಹೊರಕವಚಕ್ಕೂ ತಾಗಿಸಿ, ಎರಡರ ನಡುವೆ ವಿದ್ಯುತ್ತು ಹರಿಯುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಬಿಸಿಲಿಗೂ ಉಪ್ಪುನೀರಿಗೂ ತಡೆಯುವ, ತನಗೆ ತಾನೇ ಅಂಟಿ ಒಂದಾಗುವ ರಬ್ಬರ್ ಪಟ್ಟಿಯನ್ನು ಮೇಲೆ ಬಿಗಿಯಾಗಿ ಸುತ್ತಿದನು. ಆ ಒಂದು ಎಳೆ ಹಾಗೆಯೇ ಉಳಿದಿದ್ದರೆ ತೆರೆಯ ಮೇಲೆ ಎಲ್ಲವೂ ಸರಿಯಾಗಿಯೇ ತೋರುತ್ತಿದ್ದಿರಬಹುದು. ದೋಣಿಯ ದನಿ ಮಾತ್ರ ದಾಣವನ್ನು ದಾಟಿ ಹೋಗುತ್ತಿರಲಿಲ್ಲ. ಆಂಟೆನಾ ಕೂಡಿಸದೆ ಯಂತ್ರಕ್ಕೆ ವಿದ್ಯುತ್ತು ಕೊಡಲಾಗದೆಂಬ ನಿಯಮವನ್ನೂ ಅವನು ನಮಗೆ ಎರಡು ಸಲ ಹೇಳಿದನು. ಹೊರಹೋಗಲು ಎಡೆಯಿಲ್ಲದ ಶಕ್ತಿ ಹಿಂದಿರುಗಿ ಯಂತ್ರವನ್ನೇ ಸುಡಬಲ್ಲದು.

ಎರಡನೆಯದು ಜಿ. ಪಿ. ಎಸ್. ಆಂಟೆನಾ. ಅದಕ್ಕೆ ಎತ್ತರ ಬೇಡ, ಆಕಾಶ ಬೇಕು. ಫೈಬರ್‌ಗ್ಲಾಸಿನ ಮಾಡಿನ ಕೆಳಗಿದ್ದರೂ ಅದು ಉಪಗ್ರಹಗಳನ್ನು ಕೇಳಬಲ್ಲದು. ಲೋಹದ ಕೆಳಗೆ ಕೇಳಲಾರದು. ರೇಡಾರಿನ ಕಿರಣ ಹಾಯುವ ಮಟ್ಟದಲ್ಲಿ ಅದನ್ನು ಇಡಬಾರದು. ಮೂರನೆಯದು ವಿದ್ಯುತ್ತು. ಬ್ಯಾಟರಿಯ 12 ವೋಲ್ಟ್ ಹಲಗೆಯಿಂದ ಯಂತ್ರಕ್ಕೆಂದೇ ಪ್ರತ್ಯೇಕವಾದ ಫ್ಯೂಸೂ ಸ್ವಿಚ್ಚೂ ಇರಲಿ. ದೀಪ ಆರಿಸುವಾಗ ಅರಿಯದೆ ಎ. ಐ. ಎಸ್.ಅನ್ನೂ ಆರಿಸಿಬಿಡುವಂತಾಗಬಾರದು. ಕಡಿಮೆ ಗುಣಮಟ್ಟದ ಎಲ್. ಇ. ಡಿ. ದೀಪಗಳು ಇದೇ ತರಂಗಪಟ್ಟಿಯಲ್ಲಿ ಗದ್ದಲವೆಬ್ಬಿಸಿ ರೇಡಿಯೋವನ್ನೂ ಎ. ಐ. ಎಸ್.ಅನ್ನೂ ಕಿವುಡಾಗಿಸಬಲ್ಲವೆಂದು ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲಿ ಎಚ್ಚರಿಕೆ ಹೊರಡಿಸಿತ್ತು. ಆದಕಾರಣ ದೀಪಗಳನ್ನೆಲ್ಲ ಒಂದೊಂದಾಗಿ ಹೊತ್ತಿಸಿ ಆರಿಸಿ ರೇಡಿಯೋವನ್ನು ಆಲಿಸಿ ನೋಡುವುದು ಒಳ್ಳೆಯ ಪರೀಕ್ಷೆ.

ತಂತಿಗಳ ಕೆಲಸ ಮುಗಿಯಿತೆಂದರೆ ಸತ್ಯದ ಕೆಲಸ ಮೊದಲಾಗುತ್ತದೆ. ಎಂ. ಎಂ. ಎಸ್. ಐ. ಎಂದು ಕರೆಯುವ ಒಂಬತ್ತು ಅಂಕಿಗಳ ಸಂಖ್ಯೆಯೊಂದು ಯಂತ್ರಕ್ಕೆ ಪ್ರಾಣಪ್ರತಿಷ್ಠೆ ಮಾಡತಕ್ಕದ್ದು. ಅದರ ಮೊದಲ ಮೂರು ಅಂಕಿಗಳು ನೌಕೆಯ ದೇಶವನ್ನು ಸೂಚಿಸುತ್ತವೆ: ಭಾರತಕ್ಕೆ 419, ಕೆನಡಕ್ಕೆ 316, ಅಮೆರಿಕಕ್ಕೆ 338 ಮತ್ತು 366 ಮೊದಲಾದವು. ಸ್ವದೇಶದ ನೀರಿನಲ್ಲಿಯೇ ಇರುವವರಿಗೆ ಅಮೆರಿಕದಲ್ಲಿ ದೋಣಿ ಸಂಘಗಳ ಮೂಲಕ ಈ ಸಂಖ್ಯೆ ಸುಲಭವಾಗಿ ದೊರೆಯುತ್ತದೆ. ಆದರೆ ಹೇರೋ ಜಲಸಂಧಿಯ ಆಚೆ ದಡವೇ ಕೆನಡ ಆಗಿರುವ ಈ ಸೀಮೆಯಲ್ಲಿ, ಗಡಿ ದಾಟುವ ಉದ್ದೇಶವಿದ್ದವರು ಸರ್ಕಾರದ ಸಂಪರ್ಕ ಆಯೋಗದಿಂದಲೇ ನೌಕಾ ರೇಡಿಯೋ ಪರವಾನಗಿಯನ್ನೂ ಅದರೊಡನೆ ಬರುವ ಸಂಖ್ಯೆಯನ್ನೂ ಪಡೆಯತಕ್ಕದ್ದು. ಅಂಥ ಸಂಖ್ಯೆ ಅಂತರರಾಷ್ಟ್ರೀಯ ದಾಖಲೆಯಲ್ಲಿ ಸೇರುವುದರಿಂದ, ಆಪತ್ಕಾಲದಲ್ಲಿ ನೆರೆದೇಶದ ರಕ್ಷಕರಿಗೂ ಇದು ಯಾರ ದೋಣಿ ಎಂಬುದು ಗೊತ್ತಾಗುತ್ತದೆ. ಅಮೆರಿಕದ ನಿಯಮದಲ್ಲಿ ಈ ಸಂಖ್ಯೆಯನ್ನು ಯಂತ್ರದೊಳಗೆ ತುಂಬುವ ಅಧಿಕಾರ ಮಾರಾಟಗಾರನಿಗೋ ಅರ್ಹ ತಜ್ಞನಿಗೋ ಉಂಟೇ ಹೊರತು ದೋಣಿಯ ಒಡೆಯನಿಗೆ ಇಲ್ಲ. ತನ್ನದಲ್ಲದ ಸಂಖ್ಯೆಯನ್ನೋ ಸುಳ್ಳು ವಿವರವನ್ನೋ ತುಂಬುವುದು ಕಾನೂನಿನ ಉಲ್ಲಂಘನೆ. ಇದು ಅತಿಯಾದ ಕಟ್ಟುನಿಟ್ಟೆಂದು ನನಗೆ ತೋರುವುದಿಲ್ಲ. ಒಂದೇ ಸಂಖ್ಯೆ ಎರಡು ದೋಣಿಗಳಲ್ಲಿದ್ದರೆ ತೆರೆಯ ಮೇಲೆ ಒಂದೇ ನೌಕೆ ಇಲ್ಲಿಂದ ಅಲ್ಲಿಗೆ ಅಲ್ಲಿಂದ ಇಲ್ಲಿಗೆ ನೆಗೆಯತೊಡಗುತ್ತದೆ. ಆಗ ಎರಡರ ಮಾತನ್ನೂ ನಂಬುವಂತಿಲ್ಲ.

ಗಾತ್ರದ ವಿವರವೂ ಹಾಗೆಯೇ. ಜಿ. ಪಿ. ಎಸ್. ಆಂಟೆನಾದಿಂದ ಮುಂಗೋಟಿಗೆ ಎಷ್ಟು, ಹಿಂಗೋಟಿಗೆ ಎಷ್ಟು, ಎಡ ಬಲ ಪಕ್ಕಗಳಿಗೆ ಎಷ್ಟು ಎಂಬ ನಾಲ್ಕು ಅಳತೆಗಳನ್ನು ಯಂತ್ರ ಕೇಳುತ್ತದೆ. ಮಿತ್ರರು ಟೇಪು ಹಿಡಿದು ಅಳೆದು, ಮುಂದಕ್ಕೆ 6, ಹಿಂದಕ್ಕೆ 4, ಎರಡೂ ಪಕ್ಕಗಳಿಗೆ ಎರಡೆರಡು ಮೀಟರೆಂದು ಬರೆಸಿದರು. ಹತ್ತು ಮೀಟರಿನ ದೋಣಿಗೆ ಈ ಸೂಕ್ಷ್ಮ ಏಕೆ ಎನ್ನಬಹುದು. ಮಂಜಿನಾಚೆ ಕುಳಿತು ಈ ನಾಲ್ಕು ಅಂಕಿಗಳಿಂದಲೇ ನಮ್ಮ ಆಕಾರವನ್ನು ಕಲ್ಪಿಸಿಕೊಳ್ಳುವ ಫೆರಿಯ ಕಪ್ತಾನನಿಗೆ, ಎದುರಿಗಿರುವುದು ಸಣ್ಣ ವಿಹಾರ ದೋಣಿಯೋ ದೊಡ್ಡ ಮೀನುದೋಣಿಯೋ ಎಂಬುದು ಅವನು ಕೈಗೊಳ್ಳುವ ನಿರ್ಧಾರವನ್ನೇ ಬದಲಿಸಬಹುದು.

ಎಲ್ಲವೂ ಸಿದ್ಧವಾದ ಮೇಲೆ, ದಾಣದ ಇನ್ನೊಂದು ಕೊನೆಯಲ್ಲಿದ್ದ ನೆರೆಯವರೊಬ್ಬರನ್ನು ರೇಡಿಯೋದಲ್ಲಿ ಕರೆದು, ಅವರ ತೆರೆಯ ಮೇಲೆ ನಮ್ಮ ಹೆಸರು ಮೂಡಿದೆಯೇ ಎಂದು ವಿಚಾರಿಸಿದೆವು. ಹೆಸರು ಮೊದಲಾದ ಸ್ಥಿರ ವಿವರಗಳನ್ನು ಯಂತ್ರ ಆರು ನಿಮಿಷಕ್ಕೊಮ್ಮೆ ಮಾತ್ರ ಸಾರುವುದರಿಂದ ಮೊದಲು ಬರಿಯ ಸಂಖ್ಯೆಯೂ ಕೆಲ ಹೊತ್ತಿನ ಮೇಲೆ ಹೆಸರೂ ಕಾಣಿಸಿದುವು. ಮರುದಿನ ಎಲಿಯಟ್ ಕೊಲ್ಲಿಯ ಮುಂದೆ ಹೋಗುತ್ತಿದ್ದಾಗ ಬೇನ್‌ಬ್ರಿಜ್ ದ್ವೀಪದಿಂದ ಬರುತ್ತಿದ್ದ ಫೆರಿ, ತನ್ನ ಹೆಸರು ದಿಕ್ಕು ವೇಗಗಳೊಡನೆ ನಕಾಶೆಯ ತೆರೆಯ ಮೇಲೆ ತೋರಿ, ನಾವಿಬ್ಬರೂ ಹೀಗೆಯೇ ನಡೆದರೆ ಎಷ್ಟು ನಿಮಿಷದಲ್ಲಿ ಎಷ್ಟು ಸಮೀಪಕ್ಕೆ ಬರುತ್ತೇವೆಂಬ ಲೆಕ್ಕವೂ ಅದರ ಪಕ್ಕದಲ್ಲಿಯೇ ಮೂಡಿತು. 140 ಮೀಟರು ಉದ್ದದ, 200ಕ್ಕೂ ಮಿಕ್ಕು ಕಾರುಗಳನ್ನು ಹೊರುವ ಆ ಫೆರಿ ಗಂಟೆಗೆ 18 ನಾವಿಕ ಮೈಲಿ ವೇಗದಲ್ಲಿ ಬಂದರೆ ಒಂದು ಮೈಲಿಯ ಅಂತರ ಸವೆಯಲು ಮೂರು ನಿಮಿಷ ಇಪ್ಪತ್ತು ಸೆಕೆಂಡು ಸಾಕು. ಮಿತ್ರರು ಬಹು ಮುಂಚೆಯೇ ವೇಗ ತಗ್ಗಿಸಿ ಅದರ ಹಿಂಬದಿಗೆ ಹಾಯ್ದರು. ರೇಡಿಯೋದಲ್ಲಿ ಒಂದು ಮಾತೂ ಬೇಕಾಗಲಿಲ್ಲ.

ಆದರೆ ಈ ಯಂತ್ರವನ್ನು ಹೊಂದಿದವನು ಕಣ್ಣು ಕಿವಿಗಳಿಗೆ ವಿಶ್ರಾಂತಿ ಕೊಡಬಹುದೆಂದು ಯಾರೂ ತಿಳಿಯಬಾರದು. 1972ರ ಅಂತರರಾಷ್ಟ್ರೀಯ ಡಿಕ್ಕಿ ನಿವಾರಣಾ ನಿಯಮಗಳಲ್ಲಿ ಐದನೆಯದು, ಪ್ರತಿ ನೌಕೆಯೂ ಸದಾಕಾಲ ಕಣ್ಣಿನಿಂದಲೂ ಕಿವಿಯಿಂದಲೂ ಲಭ್ಯವಾದ ಇತರ ಸಕಲ ಸಾಧನಗಳಿಂದಲೂ ಕಾವಲಿರತಕ್ಕದ್ದೆಂದು ವಿಧಿಸುತ್ತದೆ. ಪ್ಯೂಜೆಟ್ ಸೌಂಡ್‌ನಲ್ಲಿ ನೀರಿನ ಮಟ್ಟಕ್ಕೆ ಸಮನಾಗಿ ತೇಲುವ ಮರದ ದಿಮ್ಮಿಗಳು ಹೇರಳ. ದಿಮ್ಮಿ ತನ್ನ ಹೆಸರನ್ನು ಸಾರುವುದಿಲ್ಲ. ಒಬ್ಬನೇ ಹುಟ್ಟುಹಾಕುವ ಕಯಾಕಿನಲ್ಲಿಯೂ ಈ ಯಂತ್ರವಿರುವುದು ಅಪೂರ್ವ. ಸಣ್ಣ ದೋಣಿಗಳು ಕಿಕ್ಕಿರಿದ ಕಡೆ ‘ಬಿ’ ವರ್ಗದ ಗುರುತುಗಳನ್ನು ತಮ್ಮ ತೆರೆಯಿಂದ ಮರೆಮಾಡುವ ಅನುಕೂಲ ಕೆಲವು ಹಡಗುಗಳಲ್ಲಿ ಉಂಟು. ಆದಕಾರಣ ನಾವು ಸಾರಿದೆವೆಂದ ಮಾತ್ರಕ್ಕೆ ಅವರು ಕೇಳಿದರೆಂದು ನಿಶ್ಚಯಿಸಲಾಗದು. ತಮ್ಮ ಇರವನ್ನು ಎಲ್ಲರಿಗೂ ಸಾರುವುದು ಖಾಸಗಿ ಜೀವನಕ್ಕೆ ಧಕ್ಕೆಯೆಂದು ಕೆಲವರು ಆಕ್ಷೇಪಿಸುವುದುಂಟು. ಅಂಥವರಿಗಾಗಿಯೂ, ಕಡಲ್ಗಳ್ಳರ ಭಯವಿರುವ ಸಮುದ್ರಗಳಿಗಾಗಿಯೂ ಅನೇಕ ಯಂತ್ರಗಳಲ್ಲಿ ಮೌನದ ಗುಂಡಿಯೊಂದಿರುತ್ತದೆ. ಆದರೆ ಹಡಗುಗಳ ಹೆದ್ದಾರಿಯನ್ನು ದಾಟುವಾಗ ಆ ಗುಂಡಿಯನ್ನು ಒತ್ತುವುದು ಇರುಳಿನಲ್ಲಿ ದೀಪವಾರಿಸಿ ನಡೆದಷ್ಟೇ ಅಪಾಯಕರವೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ವಿಷಯ ಕನ್ನಡ ಕರಾವಳಿಯ ಶ್ರೋತೃಗಳಿಗೆ ದೂರದ್ದಲ್ಲ. 2008ರಲ್ಲಿ ಮುಂಬಯಿಯ ಮೇಲೆ ದಾಳಿ ಮಾಡಿದವರು ಕುಬೇರ ಎಂಬ ಮೀನುದೋಣಿಯನ್ನು ಅಪಹರಿಸಿ ತೀರವನ್ನು ಸಮೀಪಿಸಿದ್ದರು. ಆ ತರುವಾಯ ನಮ್ಮ ದೇಶದ ಕರಾವಳಿಯುದ್ದಕ್ಕೂ 74 ದೀಪಸ್ತಂಭಗಳಲ್ಲಿ ಎ. ಐ. ಎಸ್. ಆಲಿಸುವ ಕೇಂದ್ರಗಳು ಸ್ಥಾಪಿತವಾದುವು. 2018ರ ಡಿಸೆಂಬರಿನಲ್ಲಿ ಏಳು ಮಂದಿ ಮೀನುಗಾರರೊಡನೆ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿ ಕಣ್ಮರೆಯಾಗಿ, ತಿಂಗಳುಗಟ್ಟಲೆ ಹುಡುಕಿದ ಮೇಲೆ ಮರುವರ್ಷದ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಆಚೆ ಅದರ ಅವಶೇಷ ಕಡಲಡಿಯಲ್ಲಿ ಕಂಡುಬಂದುದನ್ನು ನೀವು ಮರೆತಿರಲಾರಿರಿ. ಅಂಥ ದುಃಖವನ್ನು ಯಂತ್ರವೊಂದೇ ತಡೆಯುತ್ತಿತ್ತೆಂದು ಹೇಳುವುದು ಸಾಹಸದ ಮಾತಾದೀತು. ತೀರದಿಂದ ಬಹುದೂರ ಹೋಗುವ ದೋಣಿಗಳಿಗೆ ಉಪಗ್ರಹದ ಮೂಲಕ ಮಾತಾಡುವ ಸಾಧನಗಳೂ ಬೇಕು. ಆದರೆ ದೋಣಿ ಕೊನೆಯದಾಗಿ ಎಲ್ಲಿತ್ತು ಎಂಬ ಒಂದು ಖಚಿತವಾದ ಗುರುತು ದಡದಲ್ಲಿ ಉಳಿದಿದ್ದರೆ, ಹುಡುಕುವವರು ಎಲ್ಲಿಂದ ಮೊದಲು ಮಾಡಬೇಕೆಂಬುದನ್ನಾದರೂ ಅರಿಯುತ್ತಾರೆ. ಕಾದಿರುವ ಮನೆಮಂದಿಗೆ ಅದೂ ಸಣ್ಣದಲ್ಲ.

ದೋಣಿಯುಳ್ಳವರು ಈ ಯಂತ್ರವನ್ನು ಕೊಳ್ಳುವುದಾದರೆ ಕೇಳುವುದರ ಜೊತೆಗೆ ನುಡಿಯುವುದನ್ನೂ ಬಲ್ಲ ಯಂತ್ರವನ್ನೇ ಕೊಳ್ಳಲಿ. ಅದರ ಬೆಲೆಯಷ್ಟೇ ಶ್ರದ್ಧೆಯನ್ನು ಕೇಬಲ್ಲಿಗೂ ಕನೆಕ್ಟರಿಗೂ ಎತ್ತರಕ್ಕೂ ವ್ಯಯಮಾಡಲಿ. ತಮ್ಮ ಸಂಖ್ಯೆಯನ್ನೂ ಅಳತೆಯನ್ನೂ ಒಂದಕ್ಕೆರಡು ಬಾರಿ ಸರಿನೋಡಲಿ. ಪ್ರತಿ ಋತುವಿನ ಮೊದಲಲ್ಲಿ ನೆರೆಯ ದೋಣಿಯವರನ್ನು ಕರೆದು, ತಮ್ಮ ದನಿ ಇನ್ನೂ ಕೇಳಿಸುತ್ತಿದೆಯೇ ಎಂದು ವಿಚಾರಿಸಲಿ. ಚುಕ್ಕಾಣಿ ಹಿಡಿದಷ್ಟು ಹೊತ್ತೂ ಕಣ್ಣನ್ನು ತೆರೆಗಿಂತ ಹೆಚ್ಚಾಗಿ ನೀರಿನ ಮೇಲಿಡಲಿ. ಇಷ್ಟನ್ನು ಮಾಡಿದವನು ತನ್ನ ದೋಣಿಗೆ ಎಷ್ಟು ಕ್ಷೇಮವನ್ನು ತಂದುಕೊಳ್ಳುತ್ತಾನೋ, ತಾನು ಎಂದೂ ಮುಖ ಕಾಣದ ಇತರ ನಾವಿಕರಿಗೂ ಅಷ್ಟೇ ಕ್ಷೇಮವನ್ನು ಮಾಡಿದವನಾಗುತ್ತಾನೆ.